ಸೆಳವಿನ ನೀರಿಗೆ ಎಂಥ ರೆಗ್ಯುಲೇಟರ್?

ಸ್ಕೂಬಾ ಸಿಲಿಂಡರಿನೊಳಗೆ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತದೆ. ಕಾರಿನ ಟಯರಿನಲ್ಲಿರುವುದು ಎರಡು, ಎರಡೂವರೆ ಬಾರ್ ಅಷ್ಟೆ. ಸಿಲಿಂಡರಿನ ಗಾಳಿಯನ್ನು ಹಾಗೆಯೇ ಬಾಯಿಗೆ ಬಿಟ್ಟುಕೊಂಡರೆ ಶ್ವಾಸಕೋಶ ತಾಳದು. ಹಾಗೆಂದು ದಡದ ಮೇಲಿನ ಒತ್ತಡಕ್ಕೆ ಇಳಿಸಿ ಕೊಟ್ಟರೂ ಪ್ರಯೋಜನವಿಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒತ್ತಡ ಒಂದು ಬಾರ್‌ನಷ್ಟು ಏರುತ್ತದೆ. 30 ಮೀಟರ್ ಆಳದಲ್ಲಿ ಎದೆಯನ್ನು ನಾಲ್ಕು ಬಾರ್ ಒತ್ತುತ್ತಿರುವಾಗ ಒಂದು ಬಾರ್ ಗಾಳಿಯನ್ನು ಒಳಗೆಳೆದುಕೊಳ್ಳುವ ಶಕ್ತಿ ಮನುಷ್ಯನ ಎದೆಯ ಸ್ನಾಯುಗಳಿಗಿಲ್ಲ. ಡೈವರ್ ಯಾವ ಆಳದಲ್ಲಿರುತ್ತಾರೋ ಆ ಆಳದ ಒತ್ತಡದಲ್ಲೇ ಗಾಳಿ ಸಿಗಬೇಕು. ಎಳೆದಾಗ ಮಾತ್ರ, ಎಳೆದಷ್ಟೇ ಸಿಗಬೇಕು. ಆ ಕೆಲಸ ರೆಗ್ಯುಲೇಟರಿನದು.

ಅದು ಈ ಕೆಲಸವನ್ನು ಎರಡು ಹಂತಗಳಲ್ಲಿ ಮಾಡುತ್ತದೆ. ಸಿಲಿಂಡರಿನ ಬಾಯಿಗೆ ಕೂರುವ ಲೋಹದ ಗುಂಡು ಭಾಗ ಫಸ್ಟ್ ಸ್ಟೇಜ್. ಅದು 200 ಬಾರ್ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಹೋಸ್‌ಗೆ ಬಿಡುತ್ತದೆ. ಇದಕ್ಕೆ ನಡು ಒತ್ತಡ ಎನ್ನಬಹುದು. ಬಾಯಲ್ಲಿ ಕಚ್ಚಿಕೊಳ್ಳುವ ಭಾಗ ಸೆಕೆಂಡ್ ಸ್ಟೇಜ್. ಅದರ ಮುಂಭಾಗದಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ರಬ್ಬರ್ ಪೊರೆ ಇದೆ, ಅದೇ ಡಯಾಫ್ರಮ್. ಹೊರಗೆ ನೀರು, ಒಳಗೆ ಗಾಳಿ. ಉಸಿರೆಳೆದಾಗ ಒಳಗಿನ ಒತ್ತಡ ಕೊಂಚ ಇಳಿಯುತ್ತದೆ, ನೀರು ಪೊರೆಯನ್ನು ಒಳಕ್ಕೆ ತಳ್ಳುತ್ತದೆ, ಪೊರೆ ಒಂದು ಸಣ್ಣ ಸನ್ನೆಯನ್ನು ಒತ್ತುತ್ತದೆ, ಸನ್ನೆ ಕವಾಟವನ್ನು ತೆರೆಯುತ್ತದೆ. ಎಳೆಯುವುದು ನಿಂತೊಡನೆ ಕವಾಟ ಮುಚ್ಚಿಕೊಳ್ಳುತ್ತದೆ. ಬಿಟ್ಟ ಉಸಿರು ಕೆಳಗಿನ ರಬ್ಬರ್ ಕವಾಟದಿಂದ ಗುಳ್ಳೆಯಾಗಿ ಹೊರಬೀಳುತ್ತದೆ.

1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕೂಸ್ಟೊ ಮತ್ತು ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾ ಈ ತತ್ವದ ಮೇಲೆ ‘ಅಕ್ವಾಲಂಗ್’ ರೂಪಿಸಿದರು. ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಲೆಂದು ಗಾನ್ಯಾ ಮಾಡಿದ್ದ ಕವಾಟವೇ ಅದರ ಮೂಲ. ಪ್ಯಾರಿಸ್ ಬಳಿಯ ಮಾರ್ನ್ ನದಿಯಲ್ಲಿ ಮೊದಲ ಪರೀಕ್ಷೆ ನಡೆದಾಗ ಒಂದು ವಿಚಿತ್ರ ಕಂಡಿತು. ಕೂಸ್ಟೊ ಅಡ್ಡಲಾಗಿ ಈಜಿದರೆ ಉಪಕರಣ ಸರಿಯಾಗಿತ್ತು. ನೆಟ್ಟಗೆ ನಿಂತರೆ ಗಾಳಿ ತಾನಾಗಿ ಸುರಿಯುತ್ತಿತ್ತು. ತಲೆಕೆಳಗಾದರೆ ಎಳೆದರೂ ಸರಿಯಾಗಿ ಬರುತ್ತಿರಲಿಲ್ಲ. ಉಸಿರು ಹೊರಹೋಗುವ ಕವಾಟ ಡಯಾಫ್ರಮ್‌ನಿಂದ ಸ್ವಲ್ಪ ದೂರದಲ್ಲಿತ್ತು; ದೇಹ ವಾಲಿದಂತೆ ಎರಡರ ನಡುವೆ ಕೆಲವು ಸೆಂಟಿಮೀಟರ್ ಆಳದ ವ್ಯತ್ಯಾಸ ಬೀಳುತ್ತಿತ್ತು. ಎರಡನ್ನೂ ಒಂದೇ ಕಡೆ ಇರಿಸಿದ ಮೇಲೆ ತೊಂದರೆ ಹೋಯಿತು. ಕೆಲವೇ ಸೆಂಟಿಮೀಟರ್ ನೀರಿನ ಒತ್ತಡ ಈ ಯಂತ್ರವನ್ನು ಅಂಕೆ ತಪ್ಪಿಸಬಲ್ಲದು ಎಂಬ ಸಂಗತಿ ಸೆಳವಿನ ವಿಷಯಕ್ಕೆ ಬಂದಾಗ ಮತ್ತೆ ಎದುರಾಗುತ್ತದೆ.

ಸೆಳವು ಮಾಡುವುದೇನು

ಜೋರು ಸೆಳವಿನ ಡೈವಿಂಗ್‌ಗೆ ಹೆಸರಾದ ಜಾಗಗಳು ಸಾಮಾನ್ಯವಾಗಿ ಎರಡು ಜಲರಾಶಿಗಳ ನಡುವಿನ ಇಕ್ಕಟ್ಟುಗಳು. ಇಂಡೊನೇಷ್ಯಾದ ಕೊಮೊಡೊ ಸುತ್ತ ಪೆಸಿಫಿಕ್ ಸಾಗರದ ನೀರು ದ್ವೀಪಗಳ ಸಂದಿಗಳಲ್ಲಿ ತೂರಿ ಹಿಂದೂ ಮಹಾಸಾಗರಕ್ಕೆ ನುಗ್ಗುತ್ತದೆ. ಮಾಲ್ಡೀವ್ಸ್‌ನಲ್ಲಿ ಹವಳದ ಉಂಗುರಗಳ ನಡುವೆ ಇರುವ ‘ಕಂಡು’ ಎಂಬ ಕಾಲುವೆಗಳಲ್ಲಿ ಉಬ್ಬರ ಇಳಿತದ ನೀರು, ಮುಂಗಾರು ಹಿಂಗಾರಿನ ಗಾಳಿ ತಳ್ಳಿದ ನೀರು, ಎರಡೂ ಸೇರಿ ಹರಿಯುತ್ತವೆ. ಹೊರಸಮುದ್ರದ ತಿಳಿನೀರು ಒಳಗೆ ನುಗ್ಗುವ ಹೊತ್ತಿನಲ್ಲಿ ಶಾರ್ಕ್‌ಗಳೂ ತೊರಕೆ ಮೀನುಗಳೂ ಕಾಲುವೆಯ ಬಾಯಲ್ಲಿ ನೆರೆಯುವುದರಿಂದ ಡೈವರ್‌ಗಳಿಗೂ ಅದೇ ಹೊತ್ತು ಬೇಕು. ಅಂಡಮಾನಿನ ಹ್ಯಾವ್‌ಲಾಕ್, ಅಂದರೆ ಈಗಿನ ಸ್ವರಾಜ್ ದ್ವೀಪದ ಸುತ್ತಲಿನ ಜಾನೀಸ್ ಗಾರ್ಜ್, ಜ್ಯಾಕ್ಸನ್ಸ್ ಬಾರ್ ಮುಂತಾದ ತಾಣಗಳಲ್ಲೂ ಸೆಳವು ಕಡಿಮೆಯೇನಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಮೊದಲ ಪಾಠ ಕಲಿತ ಕನ್ನಡಿಗರು ಮುಂದಿನ ಪ್ರವಾಸಕ್ಕೆ ಹೊರಡುವುದು ಬಹುಮಟ್ಟಿಗೆ ಇಂಥ ಕಡೆಗಳಿಗೆ.

ಸೆಳವಿನ ಜೊತೆಗೆ ತೇಲಿಹೋಗುವ ಡೈವರ್‌ಗೆ ಸೆಳವು ಗೊತ್ತೇ ಆಗುವುದಿಲ್ಲ. ಹವಳದ ಗೋಡೆ ಪಕ್ಕದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ, ಆದರೆ ದೇಹಕ್ಕೂ ಸುತ್ತಲಿನ ನೀರಿಗೂ ವೇಗದ ವ್ಯತ್ಯಾಸ ಇರುವುದಿಲ್ಲ. ರೆಗ್ಯುಲೇಟರಿನ ಪಾಲಿಗೆ ಅದು ನಿಂತ ನೀರೇ. ಕಷ್ಟ ಶುರುವಾಗುವುದು ನಿಲ್ಲಬೇಕಾದಾಗ. ಮಾಲ್ಡೀವ್ಸ್‌ನಲ್ಲೂ ಪಲಾವ್‌ನಲ್ಲೂ ಸತ್ತ ಹವಳದ ಬಂಡೆಗೆ ಕೊಕ್ಕೆ ಸಿಕ್ಕಿಸಿ, ಹಗ್ಗದ ತುದಿಯಲ್ಲಿ ಗಾಳಿಪಟದಂತೆ ತೂಗಾಡುತ್ತ ಶಾರ್ಕ್ ನೋಡುವ ಪದ್ಧತಿ ಇದೆ. ಲಂಗರಿನ ಹಗ್ಗ ಹಿಡಿದು ಇಳಿಯುವಾಗ, ಹಿಂದೆ ಉಳಿದ ಜೊತೆಗಾರರತ್ತ ಈಜಬೇಕಾದಾಗಲೂ ಇದೇ ಸ್ಥಿತಿ. ಆಗ ನೀರು ಮುಖಕ್ಕೆ, ಅಂದರೆ ನೇರ ಸೆಕೆಂಡ್ ಸ್ಟೇಜಿನ ಮುಂಭಾಗಕ್ಕೆ ಬಡಿಯುತ್ತದೆ.

ಹರಿಯುವ ನೀರು ಎದುರಾದ ಮೇಲ್ಮೈಯನ್ನು ಎಷ್ಟು ಒತ್ತುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ಒಂದು ನಾಟ್ ಸೆಳವು, ಅಂದರೆ ಗಂಟೆಗೆ 1.85 ಕಿಲೋಮೀಟರ್, ಸುಮಾರು 1.4 ಸೆಂಟಿಮೀಟರ್ ನೀರಿನ ಕಂಬದಷ್ಟು ಒತ್ತುತ್ತದೆ. ಎರಡು ನಾಟ್‌ಗೆ ಅದು ಐದೂವರೆ ಸೆಂಟಿಮೀಟರ್. ಮೂರು ನಾಟ್‌ಗೆ 12 ಸೆಂಟಿಮೀಟರ್. ಸರಿಯಾಗಿ ಹೊಂದಿಸಿದ ಸೆಕೆಂಡ್ ಸ್ಟೇಜಿನ ಕವಾಟ ತೆರೆದುಕೊಳ್ಳಲು ಬೇಕಾದದ್ದು ಎರಡೂವರೆಯಿಂದ ನಾಲ್ಕು ಸೆಂಟಿಮೀಟರಿನಷ್ಟು ಒತ್ತಡ ಮಾತ್ರ. ಎರಡು ನಾಟ್ ಸೆಳವಿಗೆ ಮುಖ ಕೊಟ್ಟು ನಿಂತರೆ ಡೈವರ್ ಎಳೆಯದಿದ್ದರೂ ನೀರೇ ಕವಾಟ ತೆರೆದೀತು. ಮುಚ್ಚಳದ ಆಕಾರ ಆ ಒತ್ತಡದಲ್ಲಿ ಒಂದು ಪಾಲನ್ನು ತಡೆಯುತ್ತದೆ, ಆದ್ದರಿಂದ ಪ್ರತಿಸಲವೂ ಹೀಗಾಗುವುದಿಲ್ಲ. ಆದರೂ ಸೆಳವು ಎಂದರೆ, ಡಯಾಫ್ರಮನ್ನು ಬೆರಳಿನಿಂದ ಒತ್ತಿ ಗಾಳಿ ಸುರಿಸುವ ಪರ್ಜ್ ಬಟನ್ನಿನ ಮೇಲೆ ಸದಾ ಇರುವ ಒಂದು ಹೆಬ್ಬೆರಳು ಎಂದೇ ತಿಳಿಯಬೇಕು. ಗಾಳಿ ತಾನಾಗಿ ಸುರಿಯತೊಡಗುವ ಈ ಸ್ಥಿತಿಗೆ ಡೈವರ್‌ಗಳು ಫ್ರೀ ಫ್ಲೋ ಎನ್ನುತ್ತಾರೆ.

ಅಂಗಡಿಯಲ್ಲಿ ರೆಗ್ಯುಲೇಟರ್ ಮಾರುವಾಗ ಕೊಚ್ಚಿಕೊಳ್ಳುವ ಗುಣ ‘ಎಷ್ಟು ಹಗುರವಾಗಿ ಉಸಿರು ಬರುತ್ತದೆ ನೋಡಿ’ ಎಂಬುದು. ನಿಂತ ನೀರಿಗೆ ಅದು ಒಳ್ಳೆಯ ಗುಣವೇ. ಸೆಳವಿನಲ್ಲಿ ಅದೇ ಗುಣ ತಿರುಗಿಬೀಳುತ್ತದೆ: ತೀರ ಹಗುರವಾಗಿ ಹೊಂದಿಸಿದ ಕವಾಟಕ್ಕೆ ಡೈವರ್ ಯಾರು, ಸಮುದ್ರ ಯಾರು ಎಂಬ ಭೇದ ತಿಳಿಯುವುದಿಲ್ಲ. ಸೆಳವಿಗೆ ಬೇಕಾದದ್ದು ತೆರೆಯಲು ಕೊಂಚ ಬಿಗುವಾದ, ತೆರೆದ ಮೇಲೆ ಧಾರಾಳವಾಗಿ ಕೊಡುವ ರೆಗ್ಯುಲೇಟರ್. ಇವೆರಡು ಬೇರೆ ಬೇರೆ ಗುಣಗಳು. ಕೊಳ್ಳುವವರು ಬಹುತೇಕ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಆಯ್ಕೆ ದಾರಿ ತಪ್ಪುತ್ತದೆ.

ಧಾರಾಳ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ. ಸೆಳವಿನ ವೇಗ ಇಮ್ಮಡಿಯಾದರೆ ದೇಹದ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೆದುರಾಗಿ ಈಜುತ್ತ ಇದ್ದಲ್ಲೇ ಇರಲು ಬೇಕಾದ ಶ್ರಮ ಎಂಟು ಪಟ್ಟು. ಆರಾಮವಾಗಿದ್ದಾಗ ನಿಮಿಷಕ್ಕೆ 15 ಲೀಟರ್ ಉಸಿರಾಡುವವರು ಆಗ 50 ಲೀಟರಿಗೆ ಏರುವುದು ಅಸಹಜವಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರಿನ ಗಾತ್ರ 11 ಲೀಟರ್. 200 ಬಾರ್ ತುಂಬಿದರೆ 2,200 ಲೀಟರ್ ಗಾಳಿ. 30 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚು. ಆರಾಮದ ಉಸಿರಿಗೆ ಆ ಸಿಲಿಂಡರ್ 36 ನಿಮಿಷ ಬಂದರೆ, ಏದುಸಿರಿಗೆ 11 ನಿಮಿಷ. ಅದೂ ಪೂರ್ತಿ ಬರಿದಾಗುವ ತನಕದ ಲೆಕ್ಕ, ಮೀಸಲು ಬಿಟ್ಟು ಅಲ್ಲ. ಜೊತೆಗೆ, ಉಸಿರೆಳೆಯುವ ಗಳಿಗೆಯಲ್ಲಿ ಗಾಳಿಯ ಹರಿವು ನಿಮಿಷದ ಸರಾಸರಿಗಿಂತ ಮೂರು ಪಟ್ಟು ಜೋರಾಗಿರುತ್ತದೆ. ಅಷ್ಟನ್ನು ರೆಗ್ಯುಲೇಟರ್ ಒದಗಿಸದಿದ್ದರೆ ಉಸಿರು ಪೂರ್ತಿಯಾಗುವುದಿಲ್ಲ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ, ಅದು ಇನ್ನಷ್ಟು ಏದುಸಿರು ತರಿಸುತ್ತದೆ. ತಲೆನೋವು, ಗಾಬರಿ, ಬಾಯಿಂದ ಮೌತ್‌ಪೀಸ್ ಕಿತ್ತೆಸೆಯಬೇಕೆನ್ನುವ ತುಡಿತ, ಎಲ್ಲ ಅಲ್ಲಿಂದಲೇ. ಆಳಕ್ಕಿಳಿದಂತೆ ಗಾಳಿ ದಟ್ಟವಾಗುವುದರಿಂದ ಈ ಅಪಾಯ ಹೆಚ್ಚುತ್ತದೆ. ಗಾಳಿಯ ಸಾಂದ್ರತೆ ಲೀಟರಿಗೆ 5.2 ಗ್ರಾಂ ಮೀರದಿರುವುದು ಒಳ್ಳೆಯದೆಂಬ ಸಲಹೆ ಈಗ ಡೈವಿಂಗ್ ವೈದ್ಯರಲ್ಲಿ ರೂಢವಾಗಿದೆ. ಸಾಮಾನ್ಯ ಗಾಳಿ ಆ ಮಟ್ಟ ಮುಟ್ಟುವುದು 31 ಮೀಟರಿನಲ್ಲಿ. ಮಾಲ್ಡೀವ್ಸ್‌ನಲ್ಲಿ ವಿಹಾರದ ಡೈವಿಂಗ್‌ಗೆ ಕಾನೂನು ಹಾಕಿರುವ ಮಿತಿಯೂ 30 ಮೀಟರ್.

ಆಯ್ಕೆ

ಫಸ್ಟ್ ಸ್ಟೇಜಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅದು ಬ್ಯಾಲೆನ್ಸ್ಡ್ ಹೌದೋ ಅಲ್ಲವೋ ಎಂದು. ಬ್ಯಾಲೆನ್ಸ್ಡ್ ಅಲ್ಲದ ಸರಳ ಪಿಸ್ಟನ್ ಮಾದರಿಯಲ್ಲಿ ಸಿಲಿಂಡರಿನ ಒತ್ತಡ ಇಳಿದಂತೆ ನಡು ಒತ್ತಡವೂ ಇಳಿಯುತ್ತದೆ. ಡೈವ್‌ನ ಕೊನೆಯಲ್ಲಿ, 50–60 ಬಾರ್ ಉಳಿದಾಗ, ಉಸಿರು ಬಿಗಿಯಾದಂತೆ ತೋರುತ್ತದೆ. ಸೆಳವಿನಲ್ಲಿ ಸುಸ್ತಾಗಿರುವುದೂ ಜೊತೆಗಾರರು ಗಾಳಿ ಕೇಳುವುದೂ ಅದೇ ಹೊತ್ತಿನಲ್ಲಿ. ಬ್ಯಾಲೆನ್ಸ್ಡ್ ಮಾದರಿಯಲ್ಲಿ ಸಿಲಿಂಡರಿನ ಒತ್ತಡ ಕವಾಟವನ್ನು ಯಾವ ಕಡೆಗೂ ತಳ್ಳದ ಹಾಗೆ ವ್ಯವಸ್ಥೆ ಇರುವುದರಿಂದ ಮೊದಲ ಉಸಿರೂ ಕೊನೆಯ ಉಸಿರೂ ಒಂದೇ ಥರ ಇರುತ್ತವೆ. ಸರಳ ಪಿಸ್ಟನ್ ಕೆಟ್ಟದ್ದೆಂದಲ್ಲ. ಅದರಲ್ಲಿ ಚಲಿಸುವ ಭಾಗಗಳು ಕಡಿಮೆ, ಕೆಡುವುದೂ ಕಡಿಮೆ, ತರಬೇತಿ ಕೊಡುವ ಅನೇಕ ಕೇಂದ್ರಗಳು ಅದನ್ನೇ ಇಟ್ಟುಕೊಳ್ಳುತ್ತವೆ. ಕಂಡುವಿನ ಬಾಯಲ್ಲಿ ಕೊಕ್ಕೆ ಹಾಕಿ ನಿಲ್ಲುವವರಿಗೆ ಮಾತ್ರ ಅದು ಸಾಲದು.

ಫಸ್ಟ್ ಸ್ಟೇಜಿನೊಳಗೆ ಪಿಸ್ಟನ್ ಒಳ್ಳೆಯದೋ ಡಯಾಫ್ರಮ್ ಒಳ್ಳೆಯದೋ ಎಂಬ ಜಗಳ ಡೈವರ್‌ಗಳ ನಡುವೆ ಹಳೆಯದು. ಸ್ಕೂಬಾಪ್ರೊ ಕಂಪನಿಯ ಎಂಕೆ25ನಂಥ ಬ್ಯಾಲೆನ್ಸ್ಡ್ ಪಿಸ್ಟನ್‌ಗಳು ಗಾಳಿಯನ್ನು ಹೇರಳವಾಗಿ ಕೊಡುವುದಕ್ಕೆ ಹೆಸರಾಗಿವೆ. ಆದರೆ ಸಾಮಾನ್ಯ ಪಿಸ್ಟನ್ ಮಾದರಿಯಲ್ಲಿ ಸ್ಪ್ರಿಂಗ್ ಇರುವ ಕೋಣೆಯೊಳಗೆ ಸಮುದ್ರದ ನೀರು ನೇರ ಹೋಗಿಬರುತ್ತದೆ. ಜೊತೆಗೆ ಉಪ್ಪು, ಸೆಳವು ಎಬ್ಬಿಸಿದ ಮರಳು. ಡಯಾಫ್ರಮ್ ಮಾದರಿಯಲ್ಲಿ ಯಂತ್ರದ ಒಳಭಾಗ ಪೊರೆಯ ಹಿಂದೆ ಒಣಗಿರುತ್ತದೆ. ಹೊರಗಿನ ಸ್ಪ್ರಿಂಗ್‌ಗೂ ಇನ್ನೊಂದು ಪೊರೆ ಹೊದಿಸಿದ, ಪೂರ್ತಿ ಸೀಲ್ ಮಾಡಿದ ಮಾದರಿಗಳೂ ಸಿಗುತ್ತವೆ. ಮೂಲತಃ ಹಿಮನೀರಿನಲ್ಲಿ ಹೆಪ್ಪುಗಟ್ಟದಿರಲೆಂದು ಮಾಡಿದ ಈ ಸೀಲ್ ಉಷ್ಣವಲಯದಲ್ಲಿ ಮರಳು ಮತ್ತು ಉಪ್ಪನ್ನು ಹೊರಗಿಡಲು ಉಪಯೋಗಕ್ಕೆ ಬರುತ್ತದೆ. ಗಾಳಿಯ ಪೂರೈಕೆಯಲ್ಲಿ ಇಂದು ಎರಡು ಜಾತಿಯ ಒಳ್ಳೆಯ ಮಾದರಿಗಳ ನಡುವೆ ವಿಹಾರದ ಡೈವರ್‌ಗೆ ತಿಳಿಯುವಷ್ಟು ಅಂತರವಿಲ್ಲ. ಪ್ರತಿ ಡೈವ್ ಆದಮೇಲೂ ಸಿಹಿನೀರಿನಲ್ಲಿ ಚೆನ್ನಾಗಿ ನೆನೆಸಲು ಅನುಕೂಲವಿಲ್ಲದ ದೋಣಿಪ್ರವಾಸಕ್ಕೆ ಸೀಲ್ ಮಾಡಿದ ಡಯಾಫ್ರಮ್ ವಾಸಿ.

ಸಿಲಿಂಡರಿಗೆ ಜೋಡಿಸುವ ಬಗೆಯೂ ಎರಡು. ಯೋಕ್ ಎಂಬುದು ಸಿಲಿಂಡರಿನ ಕವಾಟವನ್ನು ತಬ್ಬಿ ಹಿಂದಿನಿಂದ ತಿರುಪಿನಲ್ಲಿ ಬಿಗಿಯುವ ಬಳೆ. ಡಿನ್ ಎಂಬುದು ಕವಾಟದೊಳಕ್ಕೇ ತಿರುಗಿಸಿ ಕೂರಿಸುವ ತಿರುಪು. ಯೋಕ್‌ನಲ್ಲಿ ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಸಿಲಿಂಡರಿನ ಮುಖದ ಮೇಲೆ ಇರುತ್ತದೆ. ದೋಣಿಯಿಂದ ಹಿಮ್ಮುಖವಾಗಿ ಉರುಳುವಾಗ ಅಂಚಿಗೋ ಬಂಡೆಗೋ ಬಡಿದರೆ ಬಳೆ ಅಲುಗಿ ಓ-ರಿಂಗ್ ಹೊರಚಿಮ್ಮುವುದುಂಟು. ಡಿನ್‌ನಲ್ಲಿ ಓ-ರಿಂಗ್ ಲೋಹದ ಗುಳಿಯೊಳಗೆ ಸೆರೆಯಾಗಿರುತ್ತದೆ. ಸೆಳವಿನ ಜಾಗಕ್ಕೆ ಡಿನ್ ಹೆಚ್ಚು ಭದ್ರ ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ಕಡೆಯ ಅನೇಕ ಕೇಂದ್ರಗಳ ಸಿಲಿಂಡರುಗಳು ಯೋಕ್‌ಗೆ ಹೊಂದುವಂಥವು. ಡಿನ್ ಕೊಂಡು, ಯೋಕ್‌ಗೆ ಜೋಡಿಸುವ ಅಡಾಪ್ಟರ್ ಒಂದನ್ನು ಚೀಲದಲ್ಲಿಟ್ಟುಕೊಂಡರೆ ಎರಡೂ ಕಡೆ ನಡೆಯುತ್ತದೆ.

ಸೆಕೆಂಡ್ ಸ್ಟೇಜ್ ಆರಿಸುವಾಗ ಹೊರಗಿನಿಂದ ಹೊಂದಿಸಬಲ್ಲ ಎರಡು ನಿಯಂತ್ರಣಗಳಿವೆಯೇ ನೋಡಬೇಕು. ಪಕ್ಕದಲ್ಲಿ ತಿರುಗಿಸುವ ದೊಡ್ಡ ಗುಂಡಿ ಕವಾಟ ತೆರೆಯಲು ಬೇಕಾದ ಎಳೆತವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಸೆಳವಿಗೆ ಎದುರಾಗುವ ಮುನ್ನ ಅದನ್ನು ಒಳಕ್ಕೆ ಒಂದೆರಡು ಸುತ್ತು ಬಿಗಿದರೆ ನೀರಿನ ತಳ್ಳಾಟಕ್ಕೆ ಕವಾಟ ಬಗ್ಗುವುದಿಲ್ಲ. ನೀರು ಶಾಂತವಾದಾಗ ಮತ್ತೆ ಸಡಿಲಿಸಬಹುದು. ಎರಡನೆಯದು ಚಿಕ್ಕ ಸನ್ನೆ. ಉಸಿರಿನ ಹರಿವು ಶುರುವಾದ ಮೇಲೆ ಆ ಹರಿವೇ ಡಯಾಫ್ರಮನ್ನು ಇನ್ನಷ್ಟು ಒಳಗೆಳೆದುಕೊಂಡು ಕವಾಟವನ್ನು ತೆರೆದಿಡುತ್ತದೆ. ವೆಂಚುರಿ ಪರಿಣಾಮ ಎನ್ನುವುದು ಇದನ್ನೇ. ಬಾಯಲ್ಲಿರುವಾಗ ಅದು ವರ, ಬಾಯಿಂದ ಜಾರಿದಾಗ ಶಾಪ, ಏಕೆಂದರೆ ಒಮ್ಮೆ ಸುರಿಯತೊಡಗಿದ ಗಾಳಿ ತಾನಾಗಿ ನಿಲ್ಲುವುದಿಲ್ಲ. ಸನ್ನೆಯನ್ನು ‘ಪ್ರೀ-ಡೈವ್’ ಅಥವಾ ‘ಮೈನಸ್’ ಕಡೆಗೆ ಇಟ್ಟರೆ ಹರಿವು ಚದುರಿ ಈ ಪರಿಣಾಮ ಅಳಿಯುತ್ತದೆ. ನೀರಿಗೆ ಹಾರುವಾಗ ಸನ್ನೆ ಅಲ್ಲೇ ಇರಬೇಕು.

ಮುಂಭಾಗದ ಮುಚ್ಚಳದ ಆಕಾರವನ್ನು ಕೊಳ್ಳುವವರು ಗಮನಿಸುವುದು ಕಡಿಮೆ. ರಂಧ್ರಗಳು ನೇರ ಎದುರಿಗೆ ತೆರೆದಿದ್ದರೆ ಸೆಳವು ನೇರ ಡಯಾಫ್ರಮ್‌ಗೆ ತಾಗುತ್ತದೆ. ಅಂಚುಗಳಲ್ಲಿ, ಪಕ್ಕಗಳಲ್ಲಿ ಇದ್ದರೆ ಪೆಟ್ಟು ತಗ್ಗುತ್ತದೆ. ಸ್ವೀಡನ್ನಿನ ಪೊಸೈಡನ್ ಕಂಪನಿ ಡಯಾಫ್ರಮನ್ನೇ ಪಕ್ಕಕ್ಕೆ ಕೂರಿಸಿದ ಮಾದರಿಗಳನ್ನು ದಶಕಗಳಿಂದ ಮಾಡುತ್ತ ಬಂದಿದೆ. ಎದುರುನೀರಿನಲ್ಲಿ ಅವು ಚೆನ್ನಾಗಿ ತಡೆದುಕೊಳ್ಳುತ್ತವೆ, ಆದರೆ ತಲೆ ಪಕ್ಕಕ್ಕೆ ತಿರುಗಿಸಿದಾಗ ಆ ಅನುಕೂಲ ತಪ್ಪುತ್ತದೆ.

ಯುರೋಪಿನ ಇಎನ್ 250 ಎಂಬ ಮಾನದಂಡ ಆಯ್ಕೆಗೆ ಒಂದು ಆಧಾರ. 50 ಮೀಟರ್ ಆಳದ ಒತ್ತಡದಲ್ಲಿ ನಿಮಿಷಕ್ಕೆ 62.5 ಲೀಟರ್ ಉಸಿರಾಡಿಸಿ, ಪ್ರತಿ ಲೀಟರಿಗೆ ಮೂರು ಜೌಲ್‌ಗಿಂತ ಹೆಚ್ಚು ಶ್ರಮ ಬೀಳಬಾರದೆಂದು ಅದು ಹೇಳುತ್ತದೆ. 2014ರ ಪರಿಷ್ಕರಣೆಯ ನಂತರ ‘ಇಎನ್ 250 ಎ’ ಎಂಬ ಗುರುತು ಬಂದಿತು: ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಒಟ್ಟಿಗೆ ಉಸಿರಾಡಿದರೂ ತಾಳುತ್ತದೆ ಎಂದು ಅದರ ಅರ್ಥ. ಸೆಳವಿಗೆ ಕೊಳ್ಳುವವರು ಹುಡುಕಬೇಕಾದದ್ದು ಆ ‘ಎ’ ಅಕ್ಷರವನ್ನು.

ಬಾಯಲ್ಲಿಲ್ಲದ ರೆಗ್ಯುಲೇಟರ್

ಫ್ರೀ ಫ್ಲೋ ಆಗುವುದು ಹೆಚ್ಚಾಗಿ ಬಾಯಲ್ಲಿರುವ ಸೆಕೆಂಡ್ ಸ್ಟೇಜಿನಲ್ಲಲ್ಲ. ಜೊತೆಗಾರರಿಗೆಂದು ಎದೆಯ ಹತ್ತಿರ ತೂಗುಬಿಟ್ಟ ಎರಡನೆಯದರಲ್ಲಿ. ಅದಕ್ಕೆ ಆಕ್ಟೋಪಸ್ ಎಂಬ ಹೆಸರು ಬಿದ್ದಿದೆ. ಅದು ಸೆಳವಿನಲ್ಲಿ ಬೆನ್ನ ಹಿಂದೆ ಬಡಿದಾಡುತ್ತ, ಮೌತ್‌ಪೀಸ್ ಮೇಲ್ಮುಖವಾಗಿ ತಿರುಗಿದರೆ ಸಾಕು, ಡಯಾಫ್ರಮ್ ಕೆಳಗೂ ಬಾಯಿ ಮೇಲೂ ಆಗಿ, ಮಾರ್ನ್ ನದಿಯಲ್ಲಿ ಕೂಸ್ಟೊ ಕಂಡದ್ದೇ ಮರುಕಳಿಸುತ್ತದೆ. ಗುಳ್ಳೆಗಳು ಹಿಂದಕ್ಕೆ ಕೊಚ್ಚಿಹೋಗುವುದರಿಂದ ಸ್ವತಃ ಡೈವರ್‌ಗೆ ಅದು ತಡವಾಗಿ ತಿಳಿಯುತ್ತದೆ. ಪೂರ್ತಿ ತೆರೆದ ಕವಾಟ ಸಿಲಿಂಡರನ್ನು ಕೆಲವೇ ನಿಮಿಷಗಳಲ್ಲಿ ಬರಿದು ಮಾಡಬಲ್ಲದು. ಆದ್ದರಿಂದ ಆಕ್ಟೋಪಸ್ಸನ್ನು ಮೊದಲಿನಿಂದಲೇ ಬಿಗುವಾಗಿ ಹೊಂದಿಸಿ, ವೆಂಚುರಿ ಸನ್ನೆಯನ್ನು ಮೈನಸ್‌ನಲ್ಲಿಟ್ಟು, ಬಾಯಿ ಕೆಳಮುಖವಾಗಿ ಎದೆಗೆ ಅಂಟಿಕೊಂಡಿರುವಂತೆ ಕ್ಲಿಪ್ ಮಾಡಬೇಕು. ಫ್ಲಾರಿಡಾದ ನೀರೊಳಗಿನ ಗುಹೆಗಳಲ್ಲಿ ಈಜುವವರಿಂದ ಬಂದ ಇನ್ನೊಂದು ಕ್ರಮ ಇನ್ನೂ ಮೇಲು: ಎರಡನೆಯ ಸೆಕೆಂಡ್ ಸ್ಟೇಜನ್ನು ಎಲಾಸ್ಟಿಕ್ ದಾರದಲ್ಲಿ ಗದ್ದದ ಕೆಳಗೆ ಕಟ್ಟಿಕೊಳ್ಳುವುದು, ಬಾಯಲ್ಲಿರುವುದಕ್ಕೆ ಒಂದೂವರೆಯಿಂದ ಎರಡು ಮೀಟರ್ ಉದ್ದದ ಹೋಸ್ ಹಾಕಿ, ಜೊತೆಗಾರರಿಗೆ ಅದನ್ನೇ ಕೊಡುವುದು. ಸೆಳವಿನಲ್ಲಿ ಇಬ್ಬರು ಗಿಡ್ಡ ಹೋಸ್‌ನಲ್ಲಿ ಒಂದೇ ಸಿಲಿಂಡರ್ ಹಂಚಿಕೊಂಡರೆ ಒಬ್ಬರನ್ನೊಬ್ಬರು ಎಳೆದಾಡುತ್ತ ಮೌತ್‌ಪೀಸ್ ಬಾಯಿಂದ ಕಿತ್ತುಬರುತ್ತದೆ. ಉದ್ದ ಹೋಸ್ ಆ ಪೇಚನ್ನು ತಪ್ಪಿಸುತ್ತದೆ.

ಹೋಸ್‌ಗಳಲ್ಲಿ ರಬ್ಬರಿನದು ಹಳೆಯದು, ಹೆಣೆದ ನೂಲಿನ ಹೊದಿಕೆಯದು ಹೊಸದು, ಹಗುರ, ಸುಲಭವಾಗಿ ಬಾಗುವಂಥದ್ದು. ಆದರೆ ಹೆಣೆದ ಕೆಲವು ಹೋಸ್‌ಗಳ ಒಳಪದರ ಶಿಥಿಲವಾಗಿ ಹರಳುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿದ ಪ್ರಕರಣಗಳನ್ನು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಬೆಳಕಿಗೆ ತಂದು ಎಚ್ಚರಿಸಿತು. ಬಿಸಿ ಹವೆಯ ಊರುಗಳಲ್ಲಿ ಈ ಭಯ ಹೆಚ್ಚು. ಹೊರಗೆ ಹೊಸದರಂತೆ ಹೊಳೆಯುವ ಹೋಸ್ ಒಳಗೆ ಕಟ್ಟಿಕೊಂಡಿರಬಹುದಾದ್ದರಿಂದ ಹಳೆಯದಾದ ಹೆಣೆದ ಹೋಸನ್ನು ಕಣ್ಣಳತೆಯ ಮೇಲೆ ನಂಬುವಂತಿಲ್ಲ. ಸಿಲಿಂಡರಿನ ಒತ್ತಡ ತೋರುವ ಗೇಜ್‌ನ ಹೋಸನ್ನು ಸೊಂಟದ ಬಳಿ ಬಿಗಿಯಾಗಿ ಕ್ಲಿಪ್ ಮಾಡದಿದ್ದರೆ ಅದು ಹವಳಕ್ಕೆ ಸಿಕ್ಕಿಕೊಳ್ಳುತ್ತದೆ, ಹವಳವೂ ಮುರಿಯುತ್ತದೆ.

ಮೌತ್‌ಪೀಸನ್ನು ಸೆಕೆಂಡ್ ಸ್ಟೇಜಿಗೆ ಹಿಡಿದಿಡುವುದು ಒಂದು ಪ್ಲಾಸ್ಟಿಕ್ ಜಿಪ್ ಟೈ. ಇಡೀ ಉಪಕರಣದಲ್ಲಿ ಅತಿ ಅಗ್ಗದ ವಸ್ತು ಇದೇ. ಅದು ಮುರಿದರೆ ಸೆಳವು ರೆಗ್ಯುಲೇಟರನ್ನು ಒಯ್ಯುತ್ತದೆ, ಹಲ್ಲುಗಳ ನಡುವೆ ರಬ್ಬರ್ ತುಂಡು ಮಾತ್ರ ಉಳಿಯುತ್ತದೆ. ಕಚ್ಚುವ ಗುಬುಟುಗಳು ಹಲ್ಲಿಗೆ ಸಿಕ್ಕು ಹರಿದಿದ್ದರೂ ಅಷ್ಟೇ. ಬಿಗಿಯಾಗಿ ಕಚ್ಚಿ ಕಚ್ಚಿ ದವಡೆ ಸೋಲುತ್ತದೆ.

ದೋಣಿಯ ಮೇಲಿನ ಪರೀಕ್ಷೆ

ಸ್ವಂತದ್ದಿರಲಿ ಬಾಡಿಗೆಯದಿರಲಿ, ರೆಗ್ಯುಲೇಟರಿನ ಆರೋಗ್ಯ ತಿಳಿಯಲು ಕೆಲವು ಸರಳ ಪರೀಕ್ಷೆಗಳಿವೆ. ಫಸ್ಟ್ ಸ್ಟೇಜಿನ ಬಾಯಲ್ಲಿ ಲೋಹದ ಪುಡಿ ಒತ್ತಿ ಮಾಡಿದ ಒಂದು ಪುಟ್ಟ ಜರಡಿ ಕಾಣುತ್ತದೆ. ಅದು ಬೆಳ್ಳಿಯ ಬಣ್ಣಕ್ಕಿರಬೇಕು. ಹಸಿರು ಬಂದಿದ್ದರೆ ಎಂದೋ ಉಪ್ಪುನೀರು ಒಳಹೊಕ್ಕಿದೆ; ಕೆಂಪುಪುಡಿ ಇದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು. ಸಿಲಿಂಡರಿಗೆ ಜೋಡಿಸುವ ಮೊದಲು ಧೂಳುಮುಚ್ಚಳವನ್ನು ಬಿಗಿದು, ಮೌತ್‌ಪೀಸಿನಿಂದ ಜೋರಾಗಿ ಎಳೆದರೆ ಗಾಳಿ ಬರಲೇಬಾರದು. ಬಂದರೆ ಡಯಾಫ್ರಮ್ ಅಥವಾ ಹೊರಕವಾಟ ಎಲ್ಲೋ ಹರಿದಿದೆ, ನೀರಿನಲ್ಲಿ ಗಾಳಿಯ ಜೊತೆ ಉಪ್ಪುನೀರೂ ಬಾಯಿಗೆ ಬಂದೀತು. ಜೋಡಿಸಿದ ಮೇಲೆ ಕವಾಟ ಪೂರ್ತಿ ತೆರೆದು, ಗೇಜ್ ನೋಡುತ್ತ ನಾಲ್ಕು ದೊಡ್ಡ ಉಸಿರು ಎಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕುಣಿದರೆ ಸಿಲಿಂಡರಿನ ಕವಾಟ ಅರೆಬರೆ ತೆರೆದಿದೆ ಎಂದು ಅರ್ಥ. ದೋಣಿಯ ಮೇಲೆ ಅಷ್ಟು ಗಾಳಿ ಸಾಕೆನಿಸುತ್ತದೆ. ಆಳದಲ್ಲಿ ಏದುಸಿರು ಹತ್ತಿದಾಗ ಸಾಲುವುದಿಲ್ಲ.

ಕವಾಟ ಎಷ್ಟು ಹಗುರವಾಗಿ ತೆರೆಯುತ್ತದೆಂದು ತಿಳಿಯಲು ಒಂದು ಬಕೆಟ್ ನೀರು ಸಾಕು. ಗಾಳಿ ತುಂಬಿದ ರೆಗ್ಯುಲೇಟರಿನ ಮೌತ್‌ಪೀಸ್ ಮೇಲ್ಮುಖವಾಗಿ, ಪರ್ಜ್ ಬಟನ್ ಕೆಳಮುಖವಾಗಿ ಹಿಡಿದು ನಿಧಾನವಾಗಿ ನೀರಿಗಿಳಿಸಬೇಕು. ಡಯಾಫ್ರಮ್ ಒಂದು ಮಟ್ಟಕ್ಕೆ ಮುಳುಗಿದಾಗ ಸುಯ್ಯೆಂದು ಗಾಳಿ ಹೊರಡುತ್ತದೆ. ಆ ಗಳಿಗೆಯಲ್ಲಿ ಡಯಾಫ್ರಮ್‌ನಿಂದ ನೀರಿನ ಮೇಲ್ಮೈವರೆಗೆ ಎಷ್ಟು ಸೆಂಟಿಮೀಟರೋ ಅದೇ ಕವಾಟ ತೆರೆಯುವ ಒತ್ತಡ. ಎರಡು ಸೆಂಟಿಮೀಟರಿಗೇ ಸುಯ್ಯೆಂದರೆ ಆ ರೆಗ್ಯುಲೇಟರ್ ಸೆಳವಿಗೆ ತೀರ ಹಗುರ. ಪಕ್ಕದ ಗುಂಡಿಯನ್ನು ಬಿಗಿದು ಮತ್ತೆ ಇಳಿಸಿದರೆ ಅಂತರ ಬೆಳೆಯುವುದು ಕಣ್ಣಿಗೇ ಕಾಣುತ್ತದೆ. ಆಕ್ಟೋಪಸ್ ಬಾಯಲ್ಲಿರುವುದಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚು ಆಳದಲ್ಲಿ ತೆರೆದರೆ ಸರಿ.

ನೀರೊಳಗೆ ಫ್ರೀ ಫ್ಲೋ ಶುರುವಾದರೆ ಮೊದಲು ಮೌತ್‌ಪೀಸನ್ನು ಕೆಳಮುಖವಾಗಿ ತಿರುಗಿಸಬೇಕು, ಮುಖವನ್ನು ಸೆಳವಿನಿಂದ ಪಕ್ಕಕ್ಕೆ ಸರಿಸಬೇಕು, ಸನ್ನೆಯನ್ನು ಮೈನಸ್‌ಗೆ ತಳ್ಳಬೇಕು. ಬಹುಪಾಲು ಅಷ್ಟಕ್ಕೆ ನಿಲ್ಲುತ್ತದೆ. ನಿಲ್ಲದಿದ್ದರೆ ಮರಳಿನ ಕಣ ಕವಾಟಕ್ಕೆ ಸಿಕ್ಕಿರಬಹುದು. ಪರ್ಜ್ ಒಂದೆರಡು ಸಲ ಒತ್ತಿದರೆ ಕೊಚ್ಚಿಹೋದೀತು. ಅದೂ ಆಗದಿದ್ದರೆ ತುಟಿ ಪೂರ್ತಿ ಮುಚ್ಚದೆ, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲು ಬಿಟ್ಟು ಉಸಿರಾಡುತ್ತ, ಜೊತೆಗಾರರೊಡನೆ ಮೇಲೇರುವುದೊಂದೇ ದಾರಿ.

ನಿಗಾ

ರೆಗ್ಯುಲೇಟರ್ ಕೆಡುವುದು ಹೆಚ್ಚಾಗಿ ನೀರೊಳಗಲ್ಲ, ಮೇಲೆ ಬಂದ ಬಳಿಕ. ಸಮುದ್ರದ ನೀರು ಒಣಗಿದಾಗ ಉಪ್ಪು ಹರಳಾಗುತ್ತದೆ. ಗಟ್ಟಿಯಾದ ಆ ಹರಳು ಓ-ರಿಂಗನ್ನು ಉಜ್ಜುತ್ತದೆ, ಸ್ಪ್ರಿಂಗ್ ಕೋಣೆಯಲ್ಲಿ ಹೊಕ್ಕು ಕೂರುತ್ತದೆ. ಆದ್ದರಿಂದ ಒಣಗುವ ಮುನ್ನವೇ ಸಿಹಿನೀರು ಸೋಕಿಸಬೇಕು. ಸಿಲಿಂಡರಿಗೆ ಜೋಡಿಸಿ ಒಳಗೆ ಗಾಳಿಯ ಒತ್ತಡವಿರುವಾಗಲೇ ತೊಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಬಿಚ್ಚಿದ ಮೇಲಾದರೆ ಧೂಳುಮುಚ್ಚಳವನ್ನು ಒರೆಸಿ, ಒಣಗಿಸಿ, ಬಿಗಿಯಾಗಿ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಬೇಕು. ಆಗ ಪರ್ಜ್ ಬಟನ್ ಒತ್ತಕೂಡದು. ಒತ್ತಿದರೆ ಕವಾಟ ತೆರೆದು ನೀರು ಹೋಸ್ ಮೂಲಕ ಫಸ್ಟ್ ಸ್ಟೇಜಿನವರೆಗೂ ಹೋಗುತ್ತದೆ. ಜರಡಿಯ ಹಸಿರಿನಂತೆಯೇ ಒಳಭಾಗದ ಎಷ್ಟೋ ತುಕ್ಕಿಗೆ ಕಾರಣ ಈ ಒಂದು ಒತ್ತು. ಎಲ್ಲ ಡೈವರ್‌ಗಳೂ ಮುಳುಗಿಸಿ ತೆಗೆಯುವ ದೋಣಿಯ ಡ್ರಮ್ಮಿನ ನೀರು ಮಧ್ಯಾಹ್ನದ ಹೊತ್ತಿಗೆ ತಾನೇ ಉಪ್ಪಾಗಿರುತ್ತದೆ, ಅದನ್ನು ನಂಬಿ ಕೂರುವಂತಿಲ್ಲ. ಒಣಗಿಸುವುದು ನೆರಳಿನಲ್ಲಿ. ಹೋಸ್‌ಗಳನ್ನು ದೊಡ್ಡ ಸುರುಳಿಯಾಗಿ ಇಡಬೇಕು, ಫಸ್ಟ್ ಸ್ಟೇಜಿನ ಬುಡದಲ್ಲಿ ಮುರಿದಂತೆ ಬಗ್ಗಿಸಬಾರದು.

ವಾರ್ಷಿಕ ಸರ್ವಿಸ್ ಎಂಬುದು ಬರೀ ಒರೆಸಿ ಕೊಡುವ ಕೆಲಸವಲ್ಲ. ತಂತ್ರಜ್ಞರು ಎರಡೂ ಸ್ಟೇಜ್‌ಗಳನ್ನು ಬಿಚ್ಚಿ, ಲೋಹದ ಭಾಗಗಳನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಓ-ರಿಂಗ್‌ಗಳನ್ನೂ ಕವಾಟ ಬಂದು ಕೂರುವ ಸೀಟುಗಳನ್ನೂ ಹೊಸದಾಗಿ ಹಾಕಿ, ನಡು ಒತ್ತಡವನ್ನು ಕಂಪನಿ ಹೇಳಿದ ಅಳತೆಗೆ ತರುತ್ತಾರೆ. ಅನೇಕ ಕಂಪನಿಗಳು ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ, ಯಾವುದು ಮೊದಲೋ ಆಗ, ಎನ್ನುತ್ತವೆ; ಕೆಲವು ಎರಡು ವರ್ಷ ಕೊಡುತ್ತವೆ. ಕೊಳ್ಳುವ ಮುನ್ನವೇ ಆ ಮಾದರಿಯ ಬಿಡಿಭಾಗಗಳು ದೇಶದಲ್ಲಿ ಸಿಗುತ್ತವೆಯೇ, ಅದನ್ನು ಬಿಚ್ಚಲು ತರಬೇತಾದವರು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದಾರೆಯೇ ಎಂದು ವಿಚಾರಿಸಿದವರೇ ಜಾಣರು.

ಎರಡು ಸರ್ವಿಸ್‌ಗಳ ನಡುವೆ ಕಣ್ಣಿಡಲು ನಡು ಒತ್ತಡ ತೋರುವ ಒಂದು ಪುಟ್ಟ ಗೇಜ್ ಸಾಕು. ತೇಲಲು ತೊಡುವ ಜಾಕೆಟ್ಟಿಗೆ ಗಾಳಿ ತುಂಬುವ ಹೋಸ್‌ನ ತುದಿಗೆ ಅದನ್ನು ಸಿಕ್ಕಿಸಿ, ಸಿಲಿಂಡರ್ ತೆರೆದು, ಪರ್ಜ್ ಒತ್ತಿ ಬಿಟ್ಟರೆ ಮುಳ್ಳು ಇಳಿದು ಮತ್ತೆ ಒಂಬತ್ತು ಹತ್ತು ಬಾರ್‌ನ ಹತ್ತಿರ ಬಂದು ನಿಲ್ಲಬೇಕು. ನಿಲ್ಲದೆ, ನೋಡನೋಡುತ್ತ ಮೇಲಕ್ಕೆ ತೆವಳಿದರೆ ಫಸ್ಟ್ ಸ್ಟೇಜಿನ ಸೀಟು ಸವೆದಿದೆ. ಏರಿದ ಒತ್ತಡ ಕೊನೆಗೆ ಸೆಕೆಂಡ್ ಸ್ಟೇಜನ್ನು ತಳ್ಳಿ ತೆರೆಯುವುದರಿಂದ, ಆಕ್ಟೋಪಸ್ಸನ್ನು ಎಷ್ಟು ಬಿಗಿದರೂ ನಿಲ್ಲದ ಸಣ್ಣ ಸೋರಿಕೆಯ ಮೂಲ ಹೆಚ್ಚಾಗಿ ಇಲ್ಲಿಯೇ ಇರುತ್ತದೆ.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ಡೈವಿಂಗ್‌ಗೆ ಮುಚ್ಚಿರುತ್ತದೆ. ರೆಗ್ಯುಲೇಟರ್ ಆ ನಾಲ್ಕು ತಿಂಗಳು ಕಪಾಟಿನಲ್ಲಿ. ಇಡುವ ಮುನ್ನ ಪಕ್ಕದ ಗುಂಡಿಯನ್ನು ಪೂರ್ತಿ ಹೊರಕ್ಕೆ ತಿರುಗಿಸಿ ಸಡಿಲಿಸಿದರೆ ಸೀಟಿನ ಮೇಲೆ ಕವಾಟದ ಅಚ್ಚು ಬೀಳುವುದಿಲ್ಲ. ತೇವ ಆರಿರಬೇಕು, ಇಲ್ಲವಾದರೆ ಮೌತ್‌ಪೀಸಿನೊಳಗೆ ಬೂಷ್ಟು ಹಿಡಿಯುತ್ತದೆ. ಜಿರಲೆ, ಕಣಜಗಳಿಗೆ ಮೌತ್‌ಪೀಸಿನ ಪೊಟರೆ ಬಲು ಇಷ್ಟ. ತೆಳ್ಳನೆಯ ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರೆ ಗಾಳಿಯಾಡುತ್ತದೆ, ಅವು ಬರುವುದಿಲ್ಲ. ಮಳೆಗಾಲ ಕಳೆದು ಹೊರತೆಗೆದಾಗ ಮೇಲಿನ ಪರೀಕ್ಷೆಗಳೆಲ್ಲ ಮತ್ತೊಮ್ಮೆ ನಡೆಯಬೇಕು. ಆಗಷ್ಟೇ ಸರ್ವಿಸ್‌ನಿಂದ ಬಂದ ರೆಗ್ಯುಲೇಟರಿಗೂ ಇದೇ ನಿಯಮ: ಹೊಸ ಸೀಟು ಮೊದಲ ಕೆಲವು ಗಂಟೆಗಳ ಬಳಕೆಯಲ್ಲಿ ಹದಕ್ಕೆ ಬರುವಾಗ ಒತ್ತಡ ಕೊಂಚ ಬದಲಾಗುವುದು ಮಾಮೂಲು. ಅದರ ಮೊದಲ ಡೈವ್ ಈಜುಕೊಳದಲ್ಲೋ ನೇತ್ರಾಣಿಯ ಗಾಳಿಮರೆಯ ಹತ್ತು ಮೀಟರ್ ನೀರಿನಲ್ಲೋ ಆಗಬೇಕೇ ಹೊರತು ಕಂಡುವಿನ ಬಾಯಲ್ಲಲ್ಲ.